ಬಾವಿಕೋಣೆಯ ಹದಿಮೂರು ಡಿಗ್ರಿ

ಶಿರಾಲಿಯ ಭಾಸ್ಕರ ನಾಯ್ಕ ಸಿಟ್ಟಿಗೆದ್ದು ಕೂಗಿದರೆ ಮುರ್ಡೇಶ್ವರದ ಕಡಲು ಎರಡು ಮಾರು ಹಿಂದೆ ಸರಿಯುತ್ತದೆ. ಅವನ ಹೆಂಡತಿ ಮಾಲತಿ ಸಿಟ್ಟಿಗೆದ್ದು ಸುಮ್ಮನಾದರೆ ಹಿಂದೆ ಸರಿದ ಕಡಲು ಮುಂದೆ ಬರುವುದಕ್ಕೇ ಹೆದರುತ್ತದೆ. ಈ ಮಾತಿಗೆ ಊರಿನಲ್ಲಿ ಬೇಕಾದಷ್ಟು ಸಾಕ್ಷಿಗಳಿದ್ದಾರೆ. ಆ ವರ್ಷ ಶಿವರಾತ್ರಿ ಕಳೆದು ಸೆಖೆ ಏರುವ ಹೊತ್ತಿಗೆ ಅವರ ಮನೆಯಲ್ಲಿ ಎದ್ದ ಜಗಳ ಮೊದಲ ಮಳೆ ಬಿದ್ದರೂ ಆರಲಿಲ್ಲ. ಅಷ್ಟು ದಿನವೂ ಆ ಮನೆಯ ಹಂಚಿನ ಮೇಲೆ ಒಂದು ಕಾಗೆ ಕೂತದ್ದನ್ನು ಕಂಡವರಿಲ್ಲ.

ಶುರುವಾದದ್ದು ಮಧ್ಯಾಹ್ನದ ಊಟದ ಹೊತ್ತಿಗೆ.

“ಬಾವಿಕೋಣೆ ಖಾಲಿ ಮಾಡು,” ಅಂದ ಭಾಸ್ಕರ, ಬಂಗಡೆಯ ಮುಳ್ಳು ಬಿಡಿಸುತ್ತ.

ಮಾಲತಿ ಅನ್ನದ ಸೌಟು ಹಿಡಿದು ನಿಂತಲ್ಲೇ ನಿಂತಳು. “ಎಂತಕ್ಕೆ?”

“ನನ್ನ ವೈನ್ ಇಡೂಕೆ.”

“ಅದು ಪಡಸಾಲೆ ಕಪಾಟಲ್ಲಿ ಆರಾಮ ಅದ್ಯಲ್ಲ.”

“ಆರಾಮ ಎಲ್ಲಿ? ಸೆಖೆಗೆ ಬೇಯ್ತಾ ಅದೆ. ವೈನ್ ಅಂದ್ರೆ ಜೀವ ಇದ್ದ ವಸ್ತು ಮಾರಾಯ್ತಿ. ಉಸಿರಾಡ್ತದೆ.”

“ನಾನೂ ಉಸಿರಾಡ್ತೆ. ಅಡುಗೆಮನೆಗೆ ಒಂದು ಫ್ಯಾನ್ ಹಾಕ್ಸಿ ಅಂದು ಎಷ್ಟು ವರ್ಷ ಆತು?”

ಮಗಳು ನೇತ್ರಾ ಹೊನ್ನಾವರದ ಕಾಲೇಜಿನಲ್ಲಿ ಪಾಠ ಹೇಳುವವಳು. ಮನೆಯಲ್ಲಿ ಯಾವ ಮಾತು ಬಂದರೂ ಅವಳು ಮೊದಲು ಫೋನಿನಲ್ಲಿ ನೋಡಿ ಆಮೇಲೆ ನಂಬುತ್ತಿದ್ದಳು. ಎಡಗೈಯಲ್ಲಿ ಫೋನ್ ಹಿಡಿದು ಓದಿಯೇ ಬಿಟ್ಟಳು. “ಅಪ್ಪ ಹೇಳೂದು ಖರೆ ಅಮ್ಮ. ಹದಿಮೂರು ಡಿಗ್ರಿ ಥಂಡಿ ಬೇಕಂತೆ. ಗಾಳಿಯಲ್ಲಿ ನೀರಿನ ಪಸೆ ನೂರಕ್ಕೆ ಎಪ್ಪತ್ತು ಇರ್ಬೇಕು. ಬೆಳಕು ಬೀಳೂಕಾಗ, ಅಲುಗಾಡೂಕಾಗ, ಬೇರೆ ವಾಸನೆ ತಾಗೂಕಾಗ. ಮಲಗ್ಸಿಯೇ ಇಡ್ಬೇಕು.”

ಗೋಡೆಗೆ ಒರಗಿ ಎಲೆ ಮೆಲ್ಲುತ್ತಿದ್ದ ಭಾಸ್ಕರನ ತಾಯಿ ಗಂಗಿ, “ಬಾಣಂತಿಗೂ ಇಷ್ಟು ಪಥ್ಯ ಇಲ್ಲ,” ಅಂದಳು. “ಎಣ್ಣೆ ಹಚ್ಚಿ ಮೀಸೂದು ಯಾರು?”

ಭಾಸ್ಕರ ಮೂವತ್ತು ವರ್ಷ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದವ. ಅವನ ಬಾಯಲ್ಲೇ ಕೇಳಿದರೆ ಏಳು ಸಮುದ್ರಗಳೂ ಅವನ ಒಗ್ಗರಣೆಯ ವಾಸನೆ ಹಿಡಿದು ದಾರಿ ಬಿಟ್ಟುಕೊಟ್ಟಿದ್ದವು. ರಜೆಗೆ ಬರುವಾಗಲೆಲ್ಲ ಬಟ್ಟೆಯ ನಡುವೆ ಸುತ್ತಿ ಒಂದೆರಡು ಬಾಟಲಿ ವೈನ್ ತರುತ್ತಿದ್ದ. ಕುಡಿಯುವುದಕ್ಕಲ್ಲ, ಕುಡಿಯುವುದಕ್ಕೆ ರಮ್ಮು ಇತ್ತು. ಇಡುವುದಕ್ಕೆ. ನೇತ್ರಾ ಹುಟ್ಟಿದಾಗ ಅವನು ಮಾರ್ಸೇಲ್ಸ್ ಬಂದರಿನಲ್ಲಿದ್ದ. ಆ ವರ್ಷದ್ದೊಂದು ಬಾಟಲಿ. ಅಪ್ಪ ತೀರಿಕೊಂಡಾಗ ಕೇಪ್‌ಟೌನಿನಲ್ಲಿದ್ದ, ಆ ವರ್ಷದ್ದೊಂದು. ಮಾಲತಿಗೆ ಹೊಟ್ಟೆ ಕೊಯ್ದು ಗಡ್ಡೆ ತೆಗೆದಾಗ ಎಲ್ಲಿದ್ದನೋ ಅವನಿಗೇ ನೆನಪಿಲ್ಲ, ಆದರೆ ಬಾಟಲಿ ಇದೆ. ಮನೆಯಲ್ಲಿ ಆದದ್ದಕ್ಕೆಲ್ಲ ಒಂದೊಂದು ಬಾಟಲಿ ಇತ್ತು, ಯಾವುದಕ್ಕೂ ಅವನಿರಲಿಲ್ಲ. ಈಗ ಕೆಲಸ ಬಿಟ್ಟು ಮನೆಯಲ್ಲಿ ಕೂತವನಿಗೆ ಆ ಬಾಟಲಿಗಳೇ ಮಕ್ಕಳು ಮರಿ. ಭಟ್ಕಳದಿಂದ ಪ್ಯಾರಿಸ್ಸಿನವರೆಗೆ ಇಂಥ ಸಂಗ್ರಹ ಇನ್ನೊಬ್ಬರ ಮನೆಯಲ್ಲಿಲ್ಲ ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೇಳಿ ಹೇಳಿ ಅಲ್ಲಿಯ ಚಹಾವೇ ಕೆಂಪಗಾಗಿತ್ತು.

ಬಾವಿಕೋಣೆ ಮಾಲತಿಯದು. ಅಡುಗೆಮನೆಯ ಬೆನ್ನಿಗೆ, ಬಾವಿಗೆ ತಾಗಿ ಕಟ್ಟಿದ ಚಿರೆಕಲ್ಲಿನ ಕೋಣೆ. ಬಾವಿಯ ಕಡೆಗೆ ಒಂದೇ ಒಂದು ಮೋಟು ಕಿಟಕಿ. ಅದರಿಂದ ನೀರಿನ ಉಸಿರು ಹಗಲಿರುಳು ಒಳಗೆ ಬರುತ್ತಿತ್ತು. ಊರೆಲ್ಲ ಹಂಚಿನ ಕೆಳಗೆ ಹುರಿದುಹೋಗುವ ವೈಶಾಖದಲ್ಲಿ ಆ ಕೋಣೆಗೆ ಕಾಲಿಟ್ಟರೆ ಕಂಬಳಿ ಕೇಳಬೇಕು, ಅಷ್ಟು ತಂಪು. ಬೆಳಗಿನ ಬಿಸಿಲೇರುವ ಮೊದಲು ಕೊಯ್ದ ಮಲ್ಲಿಗೆ ಮೊಗ್ಗು ಅಲ್ಲಿ ಬಾಳೆಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದ್ದು, ಬುಟ್ಟಿಯಲ್ಲಿ ಮಲಗುತ್ತಿತ್ತು. ಬೇರೆಯವರ ಮೊಗ್ಗು ಸಂಜೆಗೆ ಬಾಯಿ ಬಿಟ್ಟರೆ ಮಾಲತಿಯ ಮೊಗ್ಗು ಮರುದಿನ ಮದುಮಗಳ ತಲೆಗೇರುವವರೆಗೂ ಬಾಯಿ ಬಿಡುವುದಿಲ್ಲ. ಹೂವು ಕಟ್ಟಿಯೇ ಗಂಗಿ ಮಗನನ್ನು ಓದಿಸಿ ಹಡಗು ಹತ್ತಿಸಿದವಳು, ಹೂವು ಕಟ್ಟಿಯೇ ಮಾಲತಿ ಮಗಳನ್ನು ಎಂ.ಎ. ಮಾಡಿಸಿದವಳು. ಅವಳ ಹೂವಿಲ್ಲದೆ ಭಟ್ಕಳದ ನವಾಯತ ಮುಸ್ಲಿಮರ ಮನೆಯಲ್ಲಿ ಮದುವೆಯ ದಿನವನ್ನೇ ಗೊತ್ತು ಮಾಡುವುದಿಲ್ಲ ಎಂದರೆ ಹೆಚ್ಚಾಯಿತು. ಆದರೆ ತೀರ ಹೆಚ್ಚೇನೂ ಆಗಲಿಲ್ಲ.

ಅದೇ ವಾರ ಭಟ್ಕಳದಿಂದ ಜುಲೇಖಾಬಿಯ ಫೋನ್ ಬಂದಿತ್ತು. “ಮಾಲ್ತಿ, ನನ್ನ ಮೊಮ್ಮಗಳ ನಿಕಾ ಅದೆ, ಮೇ ತಿಂಗಳಲ್ಲಿ. ಹುಡುಗಿಯ ತಲೆಯಿಂದ ಸೊಂಟದ ತನಕ ಹೂವಿನ ಪರದೆ ಬೇಕು. ಮೊಗ್ಗು ಮೊಗ್ಗೇ ಬರ್ಬೇಕು ನೋಡು, ಇಲ್ಲಿ ಬಂದು ಅರಳ್ಬೇಕು. ನನ್ನ ಮದುವೆಗೆ ನಿನ್ನ ಅತ್ತೆ ಕಟ್ಟಿದ್ದು. ಬೇರೆಯವ್ರಿಗೆ ನಾನು ಹೇಳೂದಿಲ್ಲ.”

“ಹೇಳ್ಬೇಡಿ. ನಾ ಕೊಡ್ತೆ,” ಅಂದಿದ್ದಳು ಮಾಲತಿ.

ಅಷ್ಟು ದೊಡ್ಡ ಪರದೆಗೆ ಒಂದು ದಿನದ ಮೊಗ್ಗು ಸಾಲದು, ಎರಡು ದಿನದ್ದು ಕೂಡಿಡಬೇಕು. ಕೂಡಿಡುವುದಕ್ಕೆ ಬಾವಿಕೋಣೆಯೇ ಬೇಕು. ಆದ್ದರಿಂದ ಅವಳು ಗಂಡನ ತಟ್ಟೆಗೆ ಅನ್ನ ಹಾಕದೆ ಸೌಟನ್ನು ಪಾತ್ರೆಗೆ ಕುಕ್ಕಿ, “ಕೋಣೆ ಕೊಡೂದಿಲ್ಲ,” ಎಂದಳು.

ಅವಳ ನಾಲಗೆಯ ತುದಿಗೆ ಇನ್ನೊಂದು ಮಾತೂ ಬಂದಿತ್ತು. ಗಂಗಿ ಕಣ್ಣು ಕಿಸಿದು ನೋಡಿದ್ದರಿಂದ ನುಂಗಿಕೊಂಡಳು.

ಆ ಮಾತು ಇದು. ಪ್ರತಿ ರಜೆಯಲ್ಲಿ ಭಾಸ್ಕರ ಬಾಟಲಿಯನ್ನು ತಾಯಿಯ ಕೈಗೆ ಕೊಟ್ಟು “ಜೋಪಾನ” ಎಂದಷ್ಟೇ ಹೇಳಿ ಹಡಗಿಗೆ ಹೋಗಿಬಿಡುತ್ತಿದ್ದ. ಆಷಾಢ ಬಂದರೆ ಚರ್ಮದ ಬೆಲ್ಟಿಗೆ, ದೇವರ ಪಟಕ್ಕೆ, ಕೂತೇ ಇದ್ದರೆ ಮನುಷ್ಯರಿಗೂ ಬೂಷ್ಟು ಹಿಡಿಯುವ ಊರು ಅದು. ಅಲ್ಲಿ ಜೋಪಾನ ಎಂದರೆ ಒಂದೇ ಜಾಗ: ಒಲೆಯ ಮೇಲಿನ ಅಟ್ಟ. ಬೀಜದ ಭತ್ತ, ಮುರುಗಲು ಸಿಪ್ಪೆ, ಒಣ ಸಿಗಡಿ, ಹುಣಸೆಹಣ್ಣು, ಮನೆಯಲ್ಲಿ ಬೆಲೆಬಾಳುವುದೆಲ್ಲ ಮಳೆಗಾಲ ಪೂರ್ತಿ ಅಲ್ಲಿ ಹೊಗೆಯಲ್ಲಿ ಬೆಚ್ಚಗೆ ಇರುತ್ತಿತ್ತು. “ಥಂಡಿ ತಾಗ್ತದೆ, ಮೇಲೆ ಇಡು,” ಎಂದು ಗಂಗಿ ಹೇಳಿದಳು, ಮಾಲತಿ ಏಣಿ ಹತ್ತಿ ಇಟ್ಟಳು. ನೆಟ್ಟಗೆ ನಿಲ್ಲಿಸಿ, ಕೆಳಗೆ ದಿನಾ ಕುಚ್ಚಲಕ್ಕಿ ಬೇಯಿಸಿ, ಇಪ್ಪತ್ತೈದು ಮಳೆಗಾಲ. ಭಾಸ್ಕರ ಕೆಲಸ ಬಿಟ್ಟು ಬರುತ್ತೇನೆಂದು ಫೋನ್ ಮಾಡಿದ ಮೇಲೆ ಅತ್ತೆ ಸೊಸೆ ಸೇರಿ ತೆಂಗಿನ ನಾರು, ಬೂದಿ ಹಾಕಿ ಮಸಿ ತಿಕ್ಕಿ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಎಲ್ಲಿಟ್ಟಿದ್ದಿರಿ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಪಾತ್ರೆ ತೊಳೆಯುವಾಗ ಗಂಗಿ ಸೊಸೆಯ ಮೊಣಕೈ ಹಿಡಿದಳು. “ಅಟ್ಟದ ಮಾತು ಎತ್ಬೇಡ. ಇಡಗುಂಜಿ ಗಣಪ್ನಾಣೆ ಹಾಕು. ಅಂವ ಎದೆ ಒಡ್ದು ಬೀಳ್ತ.”

“ಅವ್ರ ಎದೆ ಒಡೀಬಾರ್ದು ಅಂದು ನನ್ನ ಕೋಣೆ ಒಡೀಬೇಕಾ ಅತ್ತೆ?”

“ಆಣೆ ಹಾಕು ಅಂದೆ.”

ಮಾಲತಿ ಆಣೆ ಹಾಕಿದಳು. ಆದರೆ ಪಾತ್ರೆಯನ್ನು ಎಷ್ಟು ತಿಕ್ಕಿದಳೆಂದರೆ ಅದರ ತಳದಲ್ಲಿ ಆಚೆಮನೆ ಕಾಣುತ್ತಿತ್ತು.

ಮುಂದಿನ ವಾರಗಳಲ್ಲಿ ಭಾಸ್ಕರ ಕೋಣೆಕೋಣೆಗೆ ಉಷ್ಣತೆ ಅಳೆಯುವ ಯಂತ್ರ ನೇತುಹಾಕಿದ. ರೈಲು ಹೋಗುವಾಗ ನೆಲ ಅಲುಗುತ್ತದೆಯೇ ಎಂದು ಲೋಟದಲ್ಲಿ ನೀರಿಟ್ಟು, ಅದರ ಮುಂದೆ ಬಕಧ್ಯಾನ ಮಾಡುತ್ತ ಕೂತ. ಲಾರಿಗಳನ್ನು ಹೊತ್ತ ಗೂಡ್ಸ್ ಗಾಡಿ ಬಂದಾಗ ಪಡಸಾಲೆಯ ನೀರು ಕುಣಿಯಿತು, ಬಾವಿಕೋಣೆಯ ನೀರು ಮಿಸುಕಲಿಲ್ಲ. ಅಲ್ಲಿಗೆ ತೀರ್ಪಾಯಿತು. ತದಡಿಯ ಬಂದರಿನಲ್ಲಿ ಮೀನಿಡುವ ಐಸಿನ ಕೋಣೆಯಲ್ಲಿ ಬಾಡಿಗೆಗೆ ಜಾಗ ಕೇಳಿಕೊಂಡು ಬನ್ನಿ ಎಂದು ನೇತ್ರಾ ಒತ್ತಾಯ ಮಾಡಿದ್ದಕ್ಕೆ ಒಂದು ದಿನ ಅಲ್ಲಿಗೂ ಹೋಗಿಬಂದ.

“ಅಲ್ಲಿ ಇಟ್ರೆ ವೈನ್ ಕಲ್ಲಾಗಿ ಬಾಟ್ಲಿ ಸಿಡೀತದೆ,” ಎಂದು ಅಂಗಿ ಬಿಚ್ಚಿ ಎಸೆದ. “ಮೇಲಿಂದ ಮೀನಿನ ವಾಸನೆ.”

“ಅಲ್ಲೀವರೆಗೆ ಹೋದವ ನಾಕು ಪಾಪ್ಲೆಟ್ ಆದ್ರೂ ತಂದ್ಯಾ?” ಎಂದು ಕೇಳಿದಳು ಗಂಗಿ. ತಂದಿರಲಿಲ್ಲ. ಆ ದಿನ ಅವಳು ಮಗನೊಂದಿಗೆ ಮಾತು ಬಿಟ್ಟಳು.

ಆಮೇಲೆ ಅವನು ಥಂಡಿ ಮಾಡುವ ಮಿಷನ್ ನೋಡುವುದಕ್ಕೆ ಕುಮಟೆಗೆ ಹೋಗುವಾಗ ಮಾಲತಿಯೂ ಹೊರಟಳು. ಗಂಡನನ್ನು ಒಬ್ಬನೇ ಬಿಟ್ಟರೆ ಅಂಗಡಿಯನ್ನೇ ಕೊಂಡು ತರುತ್ತಾನೆ ಎಂಬ ಹೆದರಿಕೆ. ಪೇಟೆಯಲ್ಲಿ ಫ್ರಿಜ್ಜು, ಏಸಿ ಮಾರುವ ಹರಿಹರನ ಅಂಗಡಿ. ಅಂಥ ಮಾತುಗಾರ ಇನ್ನೊಬ್ಬನಿಲ್ಲ, ಅವನು ಬಾಯಿ ತೆರೆದರೆ ಗೋಡೆಯ ಏಸಿಗಳೆಲ್ಲ ನಾಚಿ ಬಂದಾಗುತ್ತವೆ. ಹಾಲಿಗೆ, ಐಸ್‌ಕ್ರೀಮಿಗೆ, ಮೀನಿಗೆ ಥಂಡಿ ಮಾರಿದ್ದ. ವೈನಿಗೆ ಎಂದು ಕೇಳಿದವರು ಇವರೇ ಮೊದಲು. ಅದನ್ನು ಮಾತ್ರ ಹೇಳಲಿಲ್ಲ.

“ಎರಡು ದಾರಿ ಅದೆ ಭಾಸ್ಕರಣ್ಣ. ಒಂದು ಈ ಗಾಜಿನ ಬಾಗಿಲಿನ ಕಪಾಟು. ನೋಡೂಕೆ ಚಂದ. ಆದ್ರೆ ನಿಮ್ಮ ಬಾಟ್ಲಿ ಅರ್ಧವೂ ಹಿಡಿಯೂದಿಲ್ಲ.”

“ಅರ್ಧ ಸಾಕು,” ಅಂದಳು ಮಾಲತಿ. “ಉಳಿದದ್ದು ಇವ್ರು ಕುಡೀತ್ರು.”

“ಇನ್ನೊಂದು?” ಅಂದ ಭಾಸ್ಕರ.

“ಇನ್ನೊಂದು, ಕೋಣೆಯನ್ನೇ ಕಪಾಟು ಮಾಡೂದು. ಗೋಡೆಗೆ ಒಳಗಿಂದ ಥರ್ಮಾಕೋಲಿನ ಹಲಗೆ, ದಪ್ಪ ಬಾಗಿಲು, ಮೇಲೆ ಮಿಷನ್. ಹದಿಮೂರು ಅಂದ್ರೆ ಹದಿಮೂರು. ಕೋಣೆ ಯಾವುದು?”

“ಕೋಣೆ ಇಲ್ಲ,” ಅಂದಳು ಮಾಲತಿ.

“ಅದೆ,” ಅಂದ ಭಾಸ್ಕರ. “ಬಾವಿ ಬದಿಗೆ.”

“ಅದ್ರಲ್ಲಿ ಹೂವು ಅದೆ!”

“ಹೂವು ಒಂದು ದಿನದ್ದು. ವೈನ್ ಐವತ್ತು ವರ್ಷ ಬಾಳ್ತದೆ.”

“ಆ ಒಂದು ದಿನದ್ದೇ ಇಷ್ಟು ವರ್ಷ ನಿಮ್ಮ ಮನೇಲಿ ಒಲೆ ಉರಿಸಿದ್ದು. ನಿಮ್ಮ ಐವತ್ತು ವರ್ಷದ್ದು ಒಂದು ದಿನ ಆದ್ರೂ ಅಕ್ಕಿ ತಂದದ್ಯಾ?”

ಅಂಗಡಿಗೆ ಬಂದ ಗಿರಾಕಿಗಳು ಫ್ಯಾನ್ ನೋಡುವುದನ್ನು ಬಿಟ್ಟು ಇವರನ್ನು ನೋಡತೊಡಗಿದರು. ಹರಿಹರ ನಡುವೆ ಕೈ ಚಾಚಿ, “ಅಕ್ಕ, ಕಿಟಕಿ ಏನಾದ್ರೂ ಅದ್ಯಾ ಆ ಕೋಣೆಗೆ?” ಎಂದ.

“ಅದೆ. ಬಾವಿ ಕಡೆಗೆ.”

“ಹಾಗಾದ್ರೆ ಅದನ್ನು ಮುಚ್ಚಿಸ್ಬೇಕು.”

ಮಾಲತಿ ಅಂಗಡಿಯಿಂದ ಇಳಿದು ನೇರ ಬಸ್ ಹತ್ತಿದಳು. ಕುಮಟೆಯಿಂದ ಶಿರಾಲಿಗೆ ಹೊರಟ ಆ ಬಸ್ಸಿನಲ್ಲಿ ಕಂಡಕ್ಟರನಿಗೆ ಅವಳ ಹತ್ತಿರ ಟಿಕೆಟ್ ಕೇಳುವ ಧೈರ್ಯ ಬಂದದ್ದು ಹೊನ್ನಾವರದ ಸೇತುವೆ ದಾಟಿದ ಮೇಲೆ.

ವಾರ ಕಳೆಯುವುದರೊಳಗೆ ಮೇಸ್ತ್ರಿ ವೆಂಕಟ ಬಂದು ಕಿಟಕಿಗೆ ಚಿರೆಕಲ್ಲು ಇಟ್ಟು ಸಿಮೆಂಟು ಬಳಿದ. ಮಾಲತಿ ಎದುರಿಗೆ ನಿಂತು ನೋಡಿದಳು. “ವೆಂಕಟ, ಗಟ್ಟಿ ಕಟ್ಬೇಡ. ಮತ್ತೆ ಒಡೆಯೂಕೆ ನೀನೇ ಬರ್ಬೇಕಾತದೆ,” ಎಂದಳು. ಅವನು ಗಂಡನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೂಲಿ ತೆಗೆದುಕೊಂಡು ಹಿಂದಿನ ಬಾಗಿಲಿನಿಂದ ಹೋದ. ಮಿಷನ್ ಬಂತು. ಬಾಟಲಿಗಳು ಮೆರವಣಿಗೆಯಲ್ಲಿ ಒಳಗೆ ಹೋಗಿ ಹಲಗೆಗಳ ಮೇಲೆ ಮಲಗಿದವು. ಬಾಗಿಲಿಗೆ ಬೀಗ ಬಿತ್ತು. ಭಾಸ್ಕರ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಮಾಲತಿಯ ಬುಟ್ಟಿ ಪಡಸಾಲೆಗೆ ಬಂತು.

ಮರುದಿನ ಊಟಕ್ಕೆ ಕೂತ ಭಾಸ್ಕರ ಗಂಜಿಗೆ ಕೈ ಹಾಕಿ ಬೆರಳು ಹಿಂದಕ್ಕೆ ಎಳೆದುಕೊಂಡ. “ಇದೆಂತ, ಐಸಿನಂಗೆ!”

“ಹದಿಮೂರು ಡಿಗ್ರಿ,” ಅಂದಳು ಮಾಲತಿ. “ನಿಮ್ಗೆ ಥಂಡಿ ಬೇಕಲ್ಲ? ಹೆಚ್ಚೂ ಅಲ್ಲ, ಕಮ್ಮಿಯೂ ಅಲ್ಲ.”

ಅಂದಿನಿಂದ ಅವನ ತಟ್ಟೆಗೆ ಬಿಸಿ ಎಂಬುದು ಬೀಳಲಿಲ್ಲ. ಅನ್ನ ತಣ್ಣಗೆ, ಮೀನು ತಣ್ಣಗೆ, ಚಹಾ ತಣ್ಣಗೆ. ಅವನ ಸ್ನಾನದ ನೀರು ಎಷ್ಟು ತಣ್ಣಗಿತ್ತೆಂದರೆ ಅದನ್ನು ಮೈಮೇಲೆ ಹೊಯ್ದುಕೊಂಡಾಗಿನ ಕೂಗು ಮುರ್ಡೇಶ್ವರದ ಗೋಪುರಕ್ಕೆ ಬಡಿದು ವಾಪಸು ಬರುತ್ತಿತ್ತು. ಅವನು ಬಿಡಬೇಕಲ್ಲ? ಹೊಸ ಹೊಸ ಕಾನೂನು ತಂದ. ಬಾವಿಕೋಣೆಯ ಗೋಡೆಯ ಪಕ್ಕ ಮೀನು ಹುರಿಯಬಾರದು. ಒಣ ಸಿಗಡಿ ಬಿಚ್ಚಬಾರದು. ಹೂವಿನ ಬುಟ್ಟಿ ಪಡಸಾಲೆಯಲ್ಲೂ ಬೇಡ, ಜಗಲಿಗೆ ಹೋಗಲಿ.

“ಎಂತಕ್ಕೆ?”

“ವಾಸನೆ ಬಾಟ್ಲಿ ಬಿರಡೆಯೊಳಗೆ ಇಳೀತದೆ. ನೀನೂ ಮುಡ್ಕಂಡು ಆ ಬದಿಗೆ ಬರ್ಬೇಡ.”

ಮಾಲತಿ ಮುಡಿಯ ದಂಡೆಯನ್ನು ಮುಟ್ಟಿ ನೋಡಿಕೊಂಡಳು. ಮದುವೆಯಾಗಿ ಬಂದ ದಿನದಿಂದ ಅವಳ ತಲೆ ಹೂವಿಲ್ಲದೆ ಇದ್ದದ್ದಿಲ್ಲ.

“ಮುಡೀಬೇಡ ಅಂದು ಗಂಡ ಇದ್ದಾಗ್ಲೇ ಹೇಳ್ತ್ರಾ? ಆತು. ನಿಮ್ಮ ಬಾಯಲ್ಲೇ ಬಂತು.”

“ಹಾಗಲ್ಲ ನಾ ಹೇಳಿದ್ದು...”

“ಹಾಗೇ!”

ಗಂಗಿ ಕೂತಲ್ಲಿಂದ ಎದ್ದೇ ಬಿಟ್ಟಳು. “ಭಾಸ್ಕರ, ಇನ್ನೊಂದು ಸಲ ಹಂಗೆ ಅಂದ್ರೆ ನಾನೇ ಅಬಕಾರಿಯವ್ರಿಗೆ ಫೋನ್ ಮಾಡ್ತೆ. ನೇತ್ರಾ, ನಂಬರ್ ಹುಡ್ಕು.”

“ಅಜ್ಜಿ, ಸಾಕು,” ಎಂದಳು ನೇತ್ರಾ. ಆದರೆ ಅವಳೂ ಅಪ್ಪನ ಕಡೆ ಮೊದಲಿನ ಹಾಗೆ ನೋಡಲಿಲ್ಲ. ಅಂದು ಸಂಜೆ ಅವಳೇ ಜಗಲಿಯಲ್ಲಿ ಕೂತು ತಾಯಿಯ ಜೊತೆ ಬುಟ್ಟಿಗೆ ನೀರು ಚಿಮುಕಿಸಿದಳು. ಚಿಮುಕಿಸಿ ಏನು ಬಂತು? ಜಗಲಿಯ ಸೆಖೆಗೆ ಮೊಗ್ಗುಗಳು ಕತ್ತಲಾಗುವ ಮೊದಲೇ ಬಾಯಿ ಬಿಟ್ಟು, ಬೆಳಿಗ್ಗೆ ಕಂದಿದವು. ಭಟ್ಕಳದ ಹೂವಿನಂಗಡಿಯ ದುರ್ಗ ಬುಟ್ಟಿಯನ್ನು ಹಾಗೇ ತಿರುಗಿಸಿ ಕಳಿಸಿದ. “ಮಾಲ್ತಕ್ಕನ ಹೂವಾ ಇದು?” ಎಂದು ಬೇರೆ ಕೇಳಿದನಂತೆ. ಆ ಮಾತು ಮಾಲತಿಗೆ ಚೂರಿಯಂತೆ ತಾಗಿತು. ನಿಕಾಕ್ಕೆ ಇನ್ನು ಒಂದೇ ವಾರವಿತ್ತು.

“ಎರಡು ದಿನಕ್ಕೆ ಮಾತ್ರ ಕೋಣೆ ಬಿಡಿ,” ಎಂದು ಕೇಳಿದಳು. ಕೇಳುವಾಗ ಅವಳ ಧ್ವನಿ ತಗ್ಗಿತ್ತು. ಅವಳ ಜನ್ಮದಲ್ಲೇ ಅಷ್ಟು ತಗ್ಗಿದ್ದಿಲ್ಲ. “ಬಾಟ್ಲಿ ಅಲ್ಲೇ ಇರ್ಲಿ. ಬದಿಗೆ ನನ್ನ ಬುಟ್ಟಿ ಇಡ್ತೆ.”

“ಎರಡು ದಿನದ ಮಲ್ಲಿಗೆ ವಾಸನೆ ಬಿರಡೆಗೆ ಸಾಯೂ ತನಕ ಸಾಕು,” ಎಂದ ಭಾಸ್ಕರ. “ಜುಲೇಖಾಬಿಗೆ ಬೇರೆ ಕಡೆ ತಕಳ್ಳಿ ಅನ್ನು.”

ಗುರುವಾರ ಮಧ್ಯಾಹ್ನ ಅವನು ಸ್ಟೆಬಿಲೈಸರ್ ತರುವುದಕ್ಕೆ ಹೊನ್ನಾವರಕ್ಕೆ ಹೋದ. ಕರೆಂಟು ಹೋಗಿಬಂದು ಮಾಡುತ್ತಿತ್ತು, ಮಿಷನ್ ಕೆಮ್ಮುತ್ತಿತ್ತು. ಅವನ ಬಸ್ಸು ತಿರುವಿನಲ್ಲಿ ಮರೆಯಾದದ್ದೇ ತಡ, ಮಾಲತಿ ಕಾಯಿ ಸುಲಿಯುವ ಹಾರೆ ಕಿತ್ತು ತಂದು ಬೀಗಕ್ಕೆ ಕೊಟ್ಟಳು. ಆ ಏಟಿಗೆ ಬೀಗವೇನು, ಕೋಟೆಯ ಬಾಗಿಲೂ ನಿಲ್ಲುತ್ತಿರಲಿಲ್ಲ. ನೇತ್ರಾ ಕಾಲೇಜಿಗೆ ರಜೆ ಹಾಕಿದ್ದಳು. ತಡೆಯಲಿಲ್ಲ, ಬಾಟಲಿ ದಾಟಿಸಿದಳು. ಹಪ್ಪಳ ಒಣಗಿಸುವ ಚಾಪೆ ಅಂಗಳದಲ್ಲಿ ಹಾಸಿದ್ದರು. ಅದರ ಮೇಲೆ ಫ್ರಾನ್ಸು, ಇಟಲಿ, ಆಫ್ರಿಕಾ, ಎಲ್ಲ ದೇಶಗಳೂ ವೈಶಾಖದ ಬಿಸಿಲಿಗೆ ಹೊಟ್ಟೆ ಮೇಲೆ ಮಾಡಿ ಮಲಗಿದವು. ಬಾವಿಕೋಣೆಯ ಹಲಗೆಗಳ ಮೇಲೆ ಬುಟ್ಟಿ ಬುಟ್ಟಿ ಮೊಗ್ಗು ಏರಿತು.

ಭಾಸ್ಕರ ಡಬ್ಬಿ ಹೊತ್ತು ಅಂಗಳಕ್ಕೆ ಬಂದವನು ಡಬ್ಬಿಯನ್ನು ಅಲ್ಲೇ ಬಿಟ್ಟ.

“ಬಿಸಿಲಿಗೆ! ನನ್ನ ವೈನ್ ಬಿಸಿಲಿಗೆ ಹಾಕಿದ್ಯಾ!”

“ಒಳಗೆ ಜಾಗ ಇಲ್ಲ. ಹೂವು ಅದೆ.”

“ಮಳ್ಳು ಹಿಡದದ್ಯಾ ನಿಂಗೆ? ಬಿಸಿಲು ತಾಗಿದ್ರೆ ಅದು ಸಾಯ್ತದೆ, ಸಾಯ್ತದೆ ಅಂದು ಎಷ್ಟು ಸಲ ಹೇಳಬೇಕು!”

“ಯಾವಾಗ್ಲೋ ಸತ್ತದೆ!” ಮಾಲತಿಯ ಕೈಯಲ್ಲಿ ಹಾರೆ ಇನ್ನೂ ಇತ್ತು. “ಇಪ್ಪತ್ತೈದು ಮಳೆಗಾಲ ಒಲೆ ಮೇಲಿನ ಅಟ್ಟದಲ್ಲಿ ಬೆಂದದ್ದು ಅದು! ಈಗ ಒಂದು ಬಿಸಿಲಿಗೆ ಎಂತ ಆಗ್ತದೆ? ಗಣಪ ಕ್ಷಮಿಸ್ಲಿ, ಆಣೆ ಹಾಕಿದ್ದೆ, ಒಂದು ಕಾಯಿ ಒಡಸ್ತೆ. ಇಲ್ಲ, ಹತ್ತು ಕಾಯಿ ಒಡಸ್ತೆ!”

ಅಂಗಳದ ತೆಂಗಿನ ಮರಗಳೂ ಗರಿ ಆಡಿಸುವುದನ್ನು ನಿಲ್ಲಿಸಿದವು.

“ಎಂತ ಹೇಳ್ದೆ?” ಎಂದ ಭಾಸ್ಕರ. ಅಷ್ಟು ಸಣ್ಣ ಧ್ವನಿ ಅವನಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಜಗಲಿಯಿಂದ ಗಂಗಿ ಹೇಳಿದಳು. “ಅವ್ಳನ್ನ ಕೇಳ್ಬೇಡ. ಇಡು ಅಂದದ್ದು ನಾನು. ಜೋಪಾನ ಅಂದದ್ದು ನೀನು. ಜೋಪಾನ ಇನ್ನು ಹೇಗೆ ಮಾಡೂದು? ನಿನ್ನ ಜಾತಕ, ನಿನ್ನ ಅಪ್ಪನ ಪಟ ಎಲ್ಲಾ ಅಲ್ಲೇ ಇಟ್ಟದ್ದು ನಾನು. ಥಂಡಿ ತಾಗ್ಬಾರ್ದು ಅಂದು.”

“ಸುಳ್ಳು,” ಎಂದ ಭಾಸ್ಕರ. ಚಾಪೆಯಿಂದ ಒಂದು ಬಾಟಲಿ ಎತ್ತಿದ. ನೇತ್ರಾ ಹುಟ್ಟಿದ ವರ್ಷದ್ದು. ತಳದಲ್ಲಿ, ನಾರಿಗೆ ಸಿಗದ ಸಂದಿಯಲ್ಲಿ, ಮಸಿ ಇತ್ತು. ಅದನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ ಒಳಗೆ ಹೋಗಿ ಹಡಗಿನಿಂದ ತಂದ ಬಿರಡೆ ತೆಗೆಯುವ ತಿರುಪು ತಂದ. ಬಿರಡೆ ತಿರುಪಿಗೆ ಸಿಗಲಿಲ್ಲ. ಬೆಲ್ಲದ ಹುಡಿಯ ಹಾಗೆ ಉದುರಿ ಒಳಗೆ ಬಿತ್ತು. ಗ್ಲಾಸಿಗೆ ಸುರಿದದ್ದು ಮುರುಗಲು ಪಾನಕದ ಬಣ್ಣವೂ ಅಲ್ಲ, ಚಹಾದ ಬಣ್ಣವೂ ಅಲ್ಲ. ಆ ಹುಳಿ ವಾಸನೆಗೆ ಬೇಲಿಯಾಚೆಯ ದನ ತಲೆ ಎತ್ತಿತು.

ಅವನು ಕುಡಿದ. ಅವನ ಎರಡೂ ಕಿವಿ ಒಂದಕ್ಕೊಂದು ಹತ್ತಿರ ಬಂದು ವಾಪಸು ಹೋದವು.

“ಚೊಲೋ ಅದೆ,” ಎಂದ.

“ಹೌದಾ?” ಮಾಲತಿ ಬಾಟಲಿ ತೆಗೆದುಕೊಂಡು ಗ್ಲಾಸು ತುಂಬಿದಳು. “ಹಾಗಾದ್ರೆ ಇನ್ನೊಂದು ಕುಡೀರಿ.”

ಕುಡಿದ. ಕಣ್ಣಲ್ಲಿ ನೀರು ಬಂತು.

“ಚೊಲೋ ಅದ್ಯಾ?”

“ಅದೆ.”

ಮತ್ತೆ ತುಂಬಿದಳು. “ಕುಡೀರಿ.”

“ಅಮ್ಮ, ಸಾಕು,” ಎಂದಳು ನೇತ್ರಾ. ಅವನ ಕೈಯಿಂದ ಗ್ಲಾಸು ತೆಗೆದುಕೊಂಡು ತಾನು ಒಂದು ಗುಟುಕು ಬಾಯಿಗೆ ಹಾಕಿ, ದಾಸವಾಳದ ಬುಡಕ್ಕೆ ಉಗಿದಳು. “ಅಪ್ಪ, ಇದು ನಾನು ಹುಟ್ಟಿದ ವರ್ಷದ್ದಾ?” ಅವನು ಹೌದೆಂದು ತಲೆ ಆಡಿಸಿದ. “ಆಗ ನೀವೇ ಬರ್ಬೇಕಾಗಿತ್ತು,” ಎಂದು ಅವಳು ಒಳಗೆ ಹೋದಳು.

ಗಂಗಿ ಬೆರಳು ಅದ್ದಿ ನೆಕ್ಕಿ, “ವಾಟೆಹುಳಿಗಿಂತ ಹುಳಿ. ಬಂಗಡೆ ಸಾರಿಗೆ ಆಗ್ತದೆ,” ಎಂದಳು.

ಜುಲೇಖಾಬಿಯ ಮನೆಗೆ ಹೂವು ಹೋಯಿತು. ಅಲ್ಲಿ ಹೋಗಿಯೇ ಅರಳಿತು. ಭಟ್ಕಳದ ಪೇಟೆಯಲ್ಲಿ ಆ ದಿನ ಸೆಂಟಿನಂಗಡಿಯವರೆಲ್ಲ ಬಾಗಿಲು ಹಾಕಿ ಮನೆಗೆ ಹೋದರೆಂದು ಹೇಳುವವರಿದ್ದಾರೆ. ನಿಕಾದ ಬಿರಿಯಾನಿಯ ದೊಡ್ಡ ಡಬ್ಬಿಯೂ ಬಂತು. ಮಾಲತಿ ಅದನ್ನು ಬಿಸಿಬಿಸಿಯಾಗಿಯೇ ಎಲ್ಲರಿಗೂ ಬಡಿಸಿದಳು. ಗಂಡನ ತಟ್ಟೆಗೆ ಬಡಿಸಿದ್ದು ಮಾತ್ರ ಆರಿದ ಮೇಲೆ.

ಯಾಕೆಂದರೆ ಹೂವು ಹೊರಗೆ ಹೋದದ್ದೇ ತಡ, ಭಾಸ್ಕರ ಬಾಟಲಿಗಳನ್ನು ಮತ್ತೆ ಒಳಗೆ ಹೊತ್ತು, ಹೊಸ ಬೀಗ ಜಡಿದಿದ್ದ. “ಒಂದು ಹಾಳಾದ್ರೆ ಎಲ್ಲಾ ಹಾಳಾತಾ? ಉಳಿದದ್ದು ಚೊಲೋ ಅದೆ,” ಎಂದ. ಇನ್ನೊಂದನ್ನು ತೆರೆದು ನೋಡಿ ಎಂದರೆ ತೆರೆಯಲಿಲ್ಲ. ಮೇ ಕೊನೆಯಲ್ಲಿ ಗುಡುಗು ಬಂತು. ಒಂದೇ ಸಿಡಿಲಿಗೆ ಸ್ಟೆಬಿಲೈಸರ್ ಹೊಗೆಯಾಗಿ ಮಿಷನ್ ಸುಟ್ಟಿತು. ಹರಿಹರ ಬಂದು ಮುಚ್ಚಳ ತೆಗೆದು, “ಸಿಡಿಲಿಗೆ ಗ್ಯಾರಂಟಿ ಇಲ್ಲ ಭಾಸ್ಕರಣ್ಣ,” ಎಂದು ಚಹಾ ಕುಡಿದು ಹೋದ. ಜೂನಿನ ಮೊದಲ ಮಳೆ ಹೊಡೆದು ನಾಲ್ಕು ದಿನಕ್ಕೆ ಭಾಸ್ಕರ ಬೀಗ ತೆಗೆದು ನೋಡಿದರೆ, ಕಿಟಕಿಯಿಲ್ಲದ ಕೋಣೆಯಲ್ಲಿ ಬಾಟಲಿಗಳಿಗೆಲ್ಲ ಬೆಕ್ಕಿನ ರೋಮದಷ್ಟು ಉದ್ದದ ಬೂಷ್ಟು. ಯಾವುದು ಫ್ರಾನ್ಸು, ಯಾವುದು ಇಟಲಿ, ಓದುವ ಹಾಗಿಲ್ಲ.

ಅಂದು ಮಧ್ಯಾಹ್ನ ಮಾಲತಿ ಕುಚ್ಚಲಕ್ಕಿ ತೊಳೆಯುತ್ತಿದ್ದಳು. ಭಾಸ್ಕರ ಅಡುಗೆಮನೆಗೆ ಏಣಿ ತಂದು ಅಟ್ಟಕ್ಕೆ ಆನಿಸಿದ. ಬಾಟಲಿಗಳನ್ನು ಒಂದೊಂದಾಗಿ ಪಂಚೆಯಿಂದ ಒರೆಸಿ ಗೋಣಿಯಲ್ಲಿ ತುಂಬಿದ.

“ಎಂತ ಮಾಡ್ತ್ರಿ?”

“ಮಳೆಗಾಲ ಬಂತು,” ಅಂದ ಅವನು, ಅವಳ ಕಡೆ ನೋಡದೆ. “ಥಂಡಿ ತಾಗ್ತದೆ. ಏಣಿ ಹಿಡ್ಕ.”

ಗಂಗಿ ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು.

ಮಾಲತಿ ಏಣಿ ಹಿಡಿದಳು. ಅವನು ಗೋಣಿ ಹೊತ್ತು ಹತ್ತಿ, ಹುಣಸೆಹಣ್ಣಿನ ಮಡಕೆ ಸರಿಸಿ, ಮೊಣಕಾಲೂರಿ ಒಳಗೆ ತೂರಿದ. ಮೇಲಿನಿಂದ ಗಾಜು ಗಾಜಿಗೆ ತಾಗುವ ಸದ್ದು ಬಂತು.

“ಬಾವಿ ಕಿಟಕಿ ಒಡ್ಸೂದು ಯಾವಾಗ?” ಎಂದು ಕೇಳಿದಳು.

“ನೋಡ್ವ.”

“ನೋಡ್ವ ಅಂದ್ರೆ ಯಾವಾಗ?”

“ಮಳೆಗಾಲ ಮುಗೀಲಿ. ಈಗ ಎಂತ ಅವಸರ? ಹೂವು ಎಲ್ಲಿ ಅದೆ ಈಗ?”

ಮಾಲತಿ ಏಣಿ ತೆಗೆದಳು. ತೆಗೆದು, ನಡುಮನೆ ದಾಟಿಸಿ, ಬಾವಿಕೋಣೆಯಲ್ಲಿ ಮುಚ್ಚಿದ ಕಿಟಕಿಯ ಕೆಳಗೆ ಒರಗಿಸಿ ಬಂದಳು. ಒಲೆಯ ಮುಂದೆ ಕೂತು, ಅಕ್ಕಿಯ ಹಂಡೆ ಏರಿಸಿ, ಬೆಂಕಿ ಹೊತ್ತಿಸಿದಳು. ಮಳೆಗೆ ನೆನೆದ ಸೌದೆ. ಹೊಗೆ ದಪ್ಪಗೆ ಎದ್ದು ನೇರ ಅಟ್ಟಕ್ಕೆ ಹೋಯಿತು.

“ಹೋಯ್! ಏಣಿ ಎಲ್ಲಿ? ಮಾಲ್ತಿ! ಹೊಗೆ!”

“ಜೋಪಾನ ಇರಿ,” ಅಂದಳು ಮಾಲತಿ. “ಥಂಡಿ ತಾಗೂದಿಲ್ಲ.”

ಒಂದು ಕೆಮ್ಮು ಬಂತು. ಮತ್ತೊಂದು ಬಂತು. ಕೆಮ್ಮಿನ ರಭಸಕ್ಕೆ ಹಂಚುಗಳು ಎದ್ದು ಕೂತವು. “ಅವ್ವೀ, ನೀನಾದ್ರೂ ಹೇಳು ಅವ್ಳಿಗೆ!”

ಗಂಗಿ ಎಲೆ ಮಡಚಿ ಬಾಯಿಗೆ ಹಾಕಿಕೊಂಡಳು. “ನಂಗೆ ಕಿವಿ ಕೇಳೂದಿಲ್ಲ ಮಗ.”

ಮೂರನೆಯ ಕೆಮ್ಮಿನ ಹಿಂದೆಯೇ ಅಟ್ಟದಿಂದ ಧ್ವನಿ ಇಳಿಯಿತು. “ನಾಳೆ ವೆಂಕಟಂಗೆ ಹೇಳ್ತೆ. ಒಡ್ಸ್ತೆ.”

“ನಾಳೆ ಅಲ್ಲ,” ಅಂದಳು ಮಾಲತಿ. “ಫೋನ್ ನಿಮ್ಮ ಕಿಸೆಯಲ್ಲೇ ಅದ್ಯಲ್ಲ? ಈಗ ಮಾಡಿ. ನಂಗೆ ಇಲ್ಲಿಗೆ ಕೇಳ್ಬೇಕು.” ಎಂದವಳೇ ಒಲೆಗೆ ಒಂದು ಹಸಿ ತೆಂಗಿನ ಸಿಪ್ಪೆ ತುರುಕಿದಳು.